ನೀರಿಗಿಂತ ಮೊದಲು ಗಾಳಿ ಬಂತು

ಗುಡ್ಡದ ಒರತೆಗೆ ಹಿಡಿದ ಹತ್ತು ಲೀಟರಿನ ಬಕೆಟ್ ತುಂಬಲು ಹನ್ನೊಂದು ಸೆಕೆಂಡು. ಮೂರು ಸಲ ಅಳೆದೆವು, ಮೂರು ಸಲವೂ ಹೆಚ್ಚುಕಮ್ಮಿ ಅಷ್ಟೇ. ಮಂಡಿಯವರೆಗೆ ಕೆಸರು ಮೆತ್ತಿಕೊಂಡು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಂತಿದ್ದ ನಾನು ಅಲ್ಲೇ ಗುಣಿಸಿದೆ: ದಿನಕ್ಕೆ 78,000 ಲೀಟರಿಗೂ ಮೇಲೆ. ಕೆಳಗಿನ ಊರಿನಲ್ಲಿ ಇರುವುದು 41 ಮನೆ, 210 ಜನ. ಮನೆಮನೆಗೆ ನಲ್ಲಿ ಕೊಟ್ಟರೂ ಮಿಗುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದು ಎರಡು ಗೆರೆ ಎಳೆದೆ.

ಕೊಡ ತುಂಬಿಸಲು ಸರದಿ ಕಾಯುತ್ತಿದ್ದ ಅಜ್ಜಿಯೊಬ್ಬರು ನಮ್ಮ ಆಟ ಮುಗಿಯುವವರೆಗೂ ಸುಮ್ಮನಿದ್ದರು. ಆಮೇಲೆ ಹೇಳಿದರು, ‘ಈಗ ಅಳೆದು ಏನ್ ಮಾಡ್ತೀಯ ಮಗಾ? ಮಳೆ ನಿಂತು ಹದಿನೈದು ದಿನ ಆಗಿಲ್ಲ. ಬೇಸಿಗೆ ಕೊನೆಗೆ ಬಾ. ಕೊಡ ತುಂಬೋದ್ರೊಳಗೆ ನಿನ್ನ ಕಾಲು ಜೋಮು ಹಿಡಿದಿರುತ್ತೆ.’

ಒರತೆಯ ನೀರನ್ನು ಬೇಸಿಗೆಯ ಕೊನೆಯಲ್ಲೇ ಅಳೆಯಬೇಕು ಅನ್ನುವುದು ನನಗೆ ಗೊತ್ತಿಲ್ಲದ ವಿಷಯವಲ್ಲ, ಪಠ್ಯಪುಸ್ತಕದ ಮೊದಲ ಪಾಠ ಅದು. ಆದರೆ ನಮ್ಮ ಐದೂ ಜನರಿಗೆ ಒಟ್ಟಿಗೆ ರಜೆ ಸಿಕ್ಕಿದ್ದು ಆ ವಾರ. ರಜೆಯ ಲೆಕ್ಕಕ್ಕೆ ಒರತೆಯನ್ನು ಹೊಂದಿಸಲು ಹೊರಟಿದ್ದೆವು, ಅಷ್ಟೇ.

ನಾನು ದೊಡ್ಡ ಕಟ್ಟಡಗಳ ನೀರಿನ ಪೈಪು ವಿನ್ಯಾಸ ಮಾಡುವ ಎಂಜಿನಿಯರ್. ಹನ್ನೆರಡು ವರ್ಷ ಆ ಕೆಲಸದಲ್ಲೇ ಕಳೆದಿದ್ದೇನೆ. 2002ರಲ್ಲಿ ಅಮೆರಿಕದಲ್ಲಿ ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್ ಶುರುವಾದದ್ದು ಬರ್ನಾರ್ಡ್ ಅಮಡೆ ಎಂಬ ಪ್ರಾಧ್ಯಾಪಕರು ಬೆಲೀಜ್ ದೇಶದ ಒಂದು ಸಣ್ಣ ಹಳ್ಳಿಯಲ್ಲಿ ನೀರು ಹೊರುವ ಮಕ್ಕಳನ್ನು ನೋಡಿ ಬಂದ ಮೇಲೆ ಅಂತ ಎಲ್ಲೋ ಓದಿದ್ದೆ. ಅಂಥದ್ದೇ ಒಂದು ಸಣ್ಣ ತಂಡಕ್ಕೆ ಗೆಳತಿ ನನ್ನನ್ನೂ ಎಳೆದಳು. 2022ರ ಹೊತ್ತಿಗೂ ಜಗತ್ತಿನಲ್ಲಿ 220 ಕೋಟಿ ಜನಕ್ಕೆ ಸುರಕ್ಷಿತ ನೀರಿನ ಸೌಕರ್ಯವಿಲ್ಲ ಎಂಬ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಲೆಕ್ಕವನ್ನು ಅವಳು ಕಳಿಸಿದ್ದಳು. ನಿಜ ಹೇಳಬೇಕೆಂದರೆ ನಾನು ಹೋದದ್ದು ಆ ಅಂಕಿಯಿಂದಲ್ಲ. ಸ್ನಾನದ ಮನೆಯ ಶವರಿಗೆ ಒತ್ತಡ ಸಾಲದು ಅನ್ನುವ ದೂರು ಕೇಳಿ ಕೇಳಿ ಸಾಕಾಗಿತ್ತು.

ಎಂಟು ತಿಂಗಳು ಬಿಟ್ಟು ಬೇಸಿಗೆಯ ತುದಿಯಲ್ಲಿ ಇಬ್ಬರೇ ಮತ್ತೆ ಹೋದೆವು. ಅದೇ ಬಕೆಟ್, ಅದೇ ಜಾಗ. 48 ಸೆಕೆಂಡು! ದಿನಕ್ಕೆ 18,000 ಲೀಟರ್. ಅಜ್ಜಿ ಹೇಳಿದ್ದಕ್ಕಿಂತ ಪರವಾಗಿಲ್ಲ, ಆದರೆ ನಾನು ಎರಡು ಗೆರೆ ಎಳೆದಿದ್ದ ಅಂಕಿಯ ಕಾಲು ಭಾಗಕ್ಕಿಂತ ಕಡಿಮೆ. ಒಬ್ಬರಿಗೆ ದಿನಕ್ಕೆ 45 ಲೀಟರ್ ಹಿಡಿದು, ಮುಂದಿನ ಇಪ್ಪತ್ತು ವರ್ಷದಲ್ಲಿ ಜನ ಹೆಚ್ಚುವುದನ್ನೂ ಸೇರಿಸಿದರೆ ಹತ್ತಿರ ಹತ್ತಿರ 13,000 ಲೀಟರ್ ಬೇಕು. ಅಂದರೆ ಸಾಕು, ಆದರೆ ಧಾರಾಳವಿಲ್ಲ. ಮನೆಮನೆಗೆ ನಲ್ಲಿ ಅನ್ನುವ ಮಾತನ್ನು ಅಲ್ಲೇ ನುಂಗಿಕೊಂಡೆವು. ಏಳು ಸಾರ್ವಜನಿಕ ನಲ್ಲಿ, ರಾತ್ರಿಯಿಡೀ ಹರಿದು ಬಂದ ನೀರನ್ನು ಕೂಡಿಟ್ಟು ಬೆಳಗ್ಗೆ ಕೊಡಲು 10,000 ಲೀಟರಿನ ಟ್ಯಾಂಕು. ಮೋಟರ್ ಇಲ್ಲ, ಕರೆಂಟ್ ಇಲ್ಲ. ಮೇಲಿನ ನೀರು ತನ್ನಷ್ಟಕ್ಕೆ ಕೆಳಗಿಳಿಯಬೇಕು.

ಎರಡನೇ ಪಾಠ ಎತ್ತರದ್ದು. ಮೊದಲ ಸಲ ಬಂದಾಗ ಮೊಬೈಲಿನ ಜಿಪಿಎಸ್ ನೋಡಿ ಎತ್ತರ ಬರೆದುಕೊಂಡಿದ್ದೆವು. ಒರತೆಯಿಂದ ಟ್ಯಾಂಕಿನ ಜಾಗಕ್ಕೆ 2.4 ಕಿಲೋಮೀಟರ್ ದೂರ. ನಡುವೆ ಒಂದು ಆಳವಾದ ಕೊರಕಲು. ಅದರ ತಳ ಒರತೆಗಿಂತ 52 ಮೀಟರ್ ಕೆಳಗಿದೆ ಎಂದಿತ್ತು ಮೊಬೈಲ್. ಈ ಸಲ ಇಳಿಜಾರಿನ ಕೋನ ಅಳೆಯುವ ಅಬ್ನಿ ಲೆವೆಲ್ ಹಿಡಿದು, ಕೋಲು ನೆಟ್ಟು, ಮೂವತ್ತು ಮೀಟರಿಗೊಮ್ಮೆ ನಿಂತು ಕೂತು ಅಳೆದಾಗ ಸಿಕ್ಕಿದ್ದು 71 ಮೀಟರ್. ಹತ್ತು ಮೀಟರ್ ನೀರಿನ ಎತ್ತರವೆಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಒತ್ತಡ. 52 ಮೀಟರಿಗೆ 6 ಕೆ.ಜಿ. ಪೈಪು ಸಾಕಿತ್ತು. 71ಕ್ಕೆ ಅದು ಇಂದಲ್ಲ ನಾಳೆ ಸೀಳುತ್ತದೆ. ಕೊರಕಲಿನ ಆಸುಪಾಸಿಗೆಲ್ಲ 10 ಕೆ.ಜಿ. ಪೈಪು ಎಂದು ಪಟ್ಟಿ ತಿದ್ದಿದೆವು. ಜಿಪಿಎಸ್ ಉದ್ದಗಲವನ್ನು ಚೆನ್ನಾಗಿ ಹೇಳುತ್ತದೆ, ಎತ್ತರದಲ್ಲಿ ಸುಳ್ಳು ಹೇಳುತ್ತದೆ. ನೀರಿಗೆ ಬೇಕಾಗಿರುವುದು ಎತ್ತರವೇ.

ಪೈಪಿನ ಗಾತ್ರದ ಬಗ್ಗೆ ತಂಡದಲ್ಲಿ ಜಗಳವೇ ಆಯಿತು. 32 ಮಿಲಿಮೀಟರಿನದ್ದು ಸಾಕು, ಹೊರುವುದು ಸುಲಭ ಅಂತ ಒಬ್ಬ. ನೋಡಲು 32ಕ್ಕೂ 40ಕ್ಕೂ ಏನು ಮಹಾ ವ್ಯತ್ಯಾಸ! ಆದರೆ ಸೆಕೆಂಡಿಗೆ 0.35 ಲೀಟರ್ ಹರಿಸಿದರೆ ಘರ್ಷಣೆಯಲ್ಲಿ ಕಳೆದುಹೋಗುವ ಎತ್ತರ 40ರ ಪೈಪಿನಲ್ಲಿ 12 ಮೀಟರ್, 32ರ ಪೈಪಿನಲ್ಲಿ 35 ಮೀಟರ್. ಒರತೆಗೂ ಟ್ಯಾಂಕಿಗೂ ಇರುವ ಅಂತರವೇ 46. ಅಂಕಿ ನೋಡಿದ ಮೇಲೆ ಅವನು ಸುಮ್ಮನಾದ. ಆಮೇಲೆ ಸುರುಳಿ ಹೊರುವಾಗಲೆಲ್ಲ ನನ್ನ ಮುಖ ನೋಡುತ್ತಿದ್ದ, ಅದು ಬೇರೆ.

ಇನ್ನು ನನ್ನ ಫಿಲ್ಟರಿನ ಕಥೆ. ಸ್ಲೋ ಸ್ಯಾಂಡ್ ಫಿಲ್ಟರ್ ಮೇಲೆ ನನಗೆ ಕಾಲೇಜಿನಿಂದಲೂ ಮೋಹ. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿಯಲ್ಲಿ ಥೇಮ್ಸ್ ನೀರಿಗೆ ಕಟ್ಟಿದ ಮರಳಿನ ತೊಟ್ಟಿ ಅದು. 1892ರಲ್ಲಿ ಜರ್ಮನಿಯ ಹ್ಯಾಂಬರ್ಗಿಗೆ ಕಾಲರಾ ಬಂದು ಸಾವಿರಾರು ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಊರು ಅದೇ ಎಲ್ಬ್ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಕೊಳೆ ಸೇರಿದ ಮೇಲಿನ ನೀರನ್ನು, ಕುಡಿದೂ ಬಹುಮಟ್ಟಿಗೆ ಉಳಿಯಿತು. ಆಲ್ಟೋನಾ ನೀರನ್ನು ಮರಳಿನಲ್ಲಿ ಸೋಸುತ್ತಿತ್ತು, ಹ್ಯಾಂಬರ್ಗ್ ಸೋಸುತ್ತಿರಲಿಲ್ಲ. ಮರಳಿನ ಮೇಲ್ಪದರದಲ್ಲಿ ಬೆಳೆಯುವ ಲೋಳೆಯಂಥ ಜೀವಪದರವೇ ಅಲ್ಲಿ ಅರ್ಧ ಕೆಲಸ ಮಾಡುತ್ತದೆ. ಇದನ್ನೆಲ್ಲ ಊರವರಿಗೆ ಹೇಳಬೇಕೆಂದು ಚಿತ್ರ ಸಮೇತ ತಯಾರಾಗಿ ಹೋಗಿದ್ದೆ.

ಬೇಕಾಗಲೇ ಇಲ್ಲ. ಒರತೆಯ ನೀರು ಕನ್ನಡಿಯ ಹಾಗಿತ್ತು. ಕೊಳೆ ಸೇರುತ್ತಿದ್ದದ್ದು ಹೊರಗೆ ಬಂದ ಮೇಲೆ, ದನ ಇಳಿಯುವ, ಕೊಡ ಅದ್ದುವ ಗುಂಡಿಯಲ್ಲಿ. ಒರತೆಯ ಕಣ್ಣಿನಲ್ಲೇ ಹಿಡಿದು ಮುಚ್ಚಿಬಿಟ್ಟರೆ ಸೋಸುವುದಕ್ಕೆ ಏನೂ ಇರುವುದಿಲ್ಲ. ಮರಳು ತೊಳೆಯುವ, ಪದರ ಕೆರೆಯುವ ಕೆಲಸವನ್ನು ಸುಮ್ಮನೆ ಆ ಊರಿನ ತಲೆಗೆ ಕಟ್ಟುವುದು ತಪ್ಪಿತು. ಚಿತ್ರಗಳು ಈಗಲೂ ನನ್ನ ಬ್ಯಾಗಿನಲ್ಲಿವೆ.

ಒರತೆಗೆ ತೊಟ್ಟಿ ಕಟ್ಟುವ ಕೆಲಸದಲ್ಲಿ ಮೇಸ್ತ್ರಿ ಊರಿನವರೇ. ನೀರು ಬರುವ ಜಾಡು ಹಿಡಿದು ಗುಡ್ಡದ ಒಳಮುಖವಾಗಿ ಗಟ್ಟಿ ನೆಲ ಸಿಗುವವರೆಗೆ ಅಗೆದೆವು. ಒಂದು ಕಡೆ ಹರಡಿಕೊಂಡು ಜಿನುಗುತ್ತಿದ್ದದ್ದು ಒಳಗೆ ಹೋದಂತೆ ಒಂದೇ ಕಣ್ಣಾಯಿತು, ಹೆಬ್ಬೆರಳು ತೂರುವಷ್ಟು. ಗೋಡೆಯನ್ನು ಎಷ್ಟು ಎತ್ತರಕ್ಕೆ ಕಟ್ಟೋಣ, ಎತ್ತರಿಸಿದರೆ ಇಲ್ಲೇ ಒಂದಷ್ಟು ನೀರು ನಿಲ್ಲಿಸಬಹುದಲ್ಲ ಎಂದು ನಮ್ಮ ಕಿರಿಯ ಹುಡುಗ ಕೇಳಿದ. ಮೇಸ್ತ್ರಿ ಕರಣೆ ಕೆಳಗಿಟ್ಟರು. ‘ಒರತೆ ಎದೆ ಮೇಲೆ ನೀರು ನಿಲ್ಲಿಸಬೇಡಿ ಸಾರ್. ಮುನಿಸಿಕೊಂಡು ಬೇರೆ ಕಡೆ ಹೊರಟುಹೋಗುತ್ತೆ.’ ಇದನ್ನೇ ನಾವು ಬ್ಯಾಕ್‌ಪ್ರೆಶರ್ ಎನ್ನುತ್ತೇವೆ. ತೊಟ್ಟಿಯ ನೀರು ಕಣ್ಣಿಗಿಂತ ಮೇಲೇರಿದರೆ ಒರತೆ ಬಂಡೆಯ ಬೇರೆ ಬಿರುಕು ಹುಡುಕಿಕೊಳ್ಳುತ್ತದೆ, ಒಮ್ಮೆ ಹೋದದ್ದು ಮರಳಿ ಬರುವ ಖಾತ್ರಿ ಇಲ್ಲ. ಹಾಗಾಗಿ ತುಂಬಿ ಹೊರಹೋಗುವ ಪೈಪನ್ನು ಕಣ್ಣಿಗಿಂತ ಒಂದು ಗೇಣು ಕೆಳಗೇ ಕೂರಿಸಿದೆವು. ಕಣ್ಣಿನ ಮುಂದೆ ಕಲ್ಲು, ಅದರ ಮುಂದೆ ಜಲ್ಲಿ, ಮೇಲೆ ಜೇಡಿಮಣ್ಣಿನ ಹೊದಿಕೆ, ಮಳೆನೀರು ನುಗ್ಗದಂತೆ ಮೇಲ್ಗಡೆ ಒಂದು ಕಾಲುವೆ, ಸುತ್ತ ಬೇಲಿ. ದನಗಳಿಗೆ ಕೆಳಗೆ ಬೇರೆ ತೊಟ್ಟಿ, ಹೆಚ್ಚಾದ ನೀರೆಲ್ಲ ಅಲ್ಲಿಗೆ.

ನಲ್ಲಿಗಳ ಜಾಗ ನಿರ್ಧರಿಸುವ ಸಭೆಗೆ ಬಂದವರೆಲ್ಲ ಗಂಡಸರು. ನಕ್ಷೆಯಲ್ಲಿ ನಾನು ಗುರುತು ಹಾಕಿದ ಏಳೂ ಜಾಗಕ್ಕೆ ತಲೆಯಾಡಿಸಿದರು. ಅನುಮಾನ ಬಂತು. ಇಷ್ಟು ಬೇಗ ಒಪ್ಪಿಗೆ ಸಿಕ್ಕಿದರೆ ಯಾರೋ ಮಾತಾಡಿಲ್ಲ ಅಂತಲೇ ಅರ್ಥ. ಮರುದಿನ ಬೆಳಗ್ಗೆ ಹೆಂಗಸರ ಜೊತೆ ನಾನೂ ಒಂದು ಕೊಡ ಹಿಡಿದು ಒರತೆಗೆ ಹೋದೆ. ವಾಪಸು ಬರುವಷ್ಟರಲ್ಲಿ ಮೂರು ನಲ್ಲಿ ಜಾಗ ಬದಲಿಸಿದ್ದವು. ಒಂದರ ಹೆಚ್ಚಿನ ನೀರು ಒಬ್ಬರ ಅಂಗಳಕ್ಕೆ ನುಗ್ಗುತ್ತಿತ್ತು. ಇನ್ನೊಂದು ಗಂಡಸರು ಸಂಜೆ ಕೂತು ಹರಟುವ ಕಟ್ಟೆಯ ಎದುರಿಗೆ, ಅಲ್ಲಿ ಕತ್ತಲಾದ ಮೇಲೆ ಹೆಣ್ಣುಮಕ್ಕಳು ಹೋಗುವುದಿಲ್ಲವಂತೆ. ಮೂರನೆಯದರ ಕಟ್ಟೆ ತೀರಾ ತಗ್ಗು. ‘ನೆಲದಿಂದ ತಲೆ ಮೇಲಕ್ಕೆ ಎತ್ತೋರು ನೀವಲ್ಲವಲ್ಲ ಮೇಡಂ’ ಎಂದು ಒಬ್ಬಾಕೆ ನಕ್ಕಳು. ಸೊಂಟದೆತ್ತರಕ್ಕೆ ಕೊಡ ಇಡುವ ಇನ್ನೊಂದು ಕಟ್ಟೆ ಬೇಕಿತ್ತು. ನನ್ನ ಕೊಡ ಅರ್ಧ ದಾರಿಯಲ್ಲೇ ಬೇರೊಬ್ಬರ ಸೊಂಟಕ್ಕೆ ಹೋಗಿತ್ತು ಎಂಬುದನ್ನೂ ಹೇಳಿಬಿಡಬೇಕು.

ಅಗೆತದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮನೆಗೆ ಒಬ್ಬರಂತೆ, ಎದೆಗೆ ಅಲ್ಲದಿದ್ದರೂ ತೊಡೆಯೆತ್ತರದ ಕಾಲುವೆ, 19 ದಿನ. ಪೈಪು ಬೆಸೆಯುವುದು ಮಾತ್ರ ನೋಡಲು ಚೆಂದ. ಬಿಸಿ ತಟ್ಟೆಗೆ ಎರಡೂ ತುದಿ ಒತ್ತಿ ಹಿಡಿದು, ಅಂಚು ಕರಗಿ ಹೊಳೆಯುವಾಗ ತಟ್ಟೆ ಸರಿಸಿ, ತಕ್ಷಣ ಒಂದಕ್ಕೊಂದು ಒತ್ತಬೇಕು. ಸುತ್ತಲೂ ಒಂದೇ ದಪ್ಪದ ಎರಡು ತುಟಿ ಎದ್ದರೆ ಬೆಸುಗೆ ಸರಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆದರೆ ಕತ್ತರಿಸಿ ಮತ್ತೆ ಮಾಡಬೇಕು. ಊರಿನ ಒಬ್ಬ ಯುವಕ ಎರಡೇ ದಿನದಲ್ಲಿ ಇದನ್ನು ನನಗಿಂತ ಚೆನ್ನಾಗಿ ಕಲಿತ. ಆರಲಿ, ಅಲ್ಲಾಡಿಸಬೇಡಿ ಅಂತ ಆಮೇಲೆ ನನಗೇ ಗದರುತ್ತಿದ್ದ.

ನೀರು ಬಿಡುವ ದಿನ ಬೆಳಗ್ಗೆ ಏಳಕ್ಕೆ ಒರತೆಯ ವಾಲ್ವ್ ತಿರುಗಿಸಿದೆವು. ಪೈಪಿನ ಹೊಟ್ಟೆ ತುಂಬಲು 2,300 ಲೀಟರ್ ಬೇಕು. ಬೇಸಿಗೆಯ ಹರಿವಿನಲ್ಲಿ ಮೂರು ಗಂಟೆಗೆ ತುಸು ಮೇಲೆ. ಹತ್ತೂವರೆಗೆ ಟ್ಯಾಂಕಿನಲ್ಲಿ ನೀರು ಎಂದು ನಾನೇ ಜಂಬದಿಂದ ಹೇಳಿದ್ದೆ. ಹತ್ತರ ಸುಮಾರಿಗೆ ಟ್ಯಾಂಕಿನ ಬಾಯಿಯ ಪೈಪಿನಿಂದ ಗಾಳಿ ಬರತೊಡಗಿತು. ಮಕ್ಕಳು ಅದಕ್ಕೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ನೀರು ಹತ್ತಿರ ಬಂತು ಅಂದುಕೊಂಡೆವು. ಗಾಳಿ ನಿಂತಿತು. ಹನ್ನೊಂದಾಯಿತು, ಹನ್ನೆರಡಾಯಿತು. ಕೊಡ ಸಾಲಾಗಿ ಇಟ್ಟು ಕೂತವರು ಒಬ್ಬೊಬ್ಬರೇ ಎದ್ದು, ಏನೂ ಅನ್ನದೆ, ಹಳೆ ದಾರಿ ಹಿಡಿದು ಒರತೆಯ ಕಡೆ ನಡೆದರು. ಬೈದಿದ್ದರೆ ವಾಸಿಯಾಗಿತ್ತು.

ಮೊದಲು ಸೋರಿಕೆ ಎಂದುಕೊಂಡೆವು. ಎರಡು ಗುಂಪಾಗಿ ಹಸಿ ಮಣ್ಣು ಹುಡುಕುತ್ತಾ ಇಡೀ ಸಾಲು ನಡೆದೆವು. ಎಲ್ಲೂ ಹಸಿ ಇಲ್ಲ. ಮೇಲೆ ಹೋಗಿ ನೋಡಿದರೆ ಒರತೆಯ ತೊಟ್ಟಿ ತುಂಬಿ, ಹೊರಪೈಪಿನಿಂದ ನೀರು ದನದ ತೊಟ್ಟಿಗೆ ಬೀಳುತ್ತಿದೆ. ಸೋರಿದ್ದರೆ ಪೈಪು ನೀರು ಕುಡಿಯುತ್ತಲೇ ಇರಬೇಕಿತ್ತು. ಇದು ಕುಡಿಯುವುದನ್ನೇ ನಿಲ್ಲಿಸಿತ್ತು. ಒಳಗೆ ಏನೋ ಅಡ್ಡ ನಿಂತಿದೆ. ಹೊಸ ಪೈಪು, ಕಸ ಇಲ್ಲ. ಹಾಗಾದರೆ ಗಾಳಿ.

ಗಾಳಿ ನೀರನ್ನು ತಡೆಯುತ್ತದೆ ಅಂದರೆ ನಂಬುವುದು ಕಷ್ಟ. ನಡೆಯುವುದು ಹೀಗೆ: ಖಾಲಿ ಪೈಪಿಗೆ ಬಿಟ್ಟ ನೀರು ದಿಬ್ಬ ದಾಟಿದ ಮೇಲೆ ಪೈಪು ತುಂಬಿಕೊಂಡು ಇಳಿಯುವುದಿಲ್ಲ, ತಳ ಹಿಡಿದು ಜಾರಿ ಹೋಗಿ ಕೊರಕಲಿನ ತಗ್ಗಿನಲ್ಲಿ ಸೇರುತ್ತದೆ. ತಗ್ಗು ತುಂಬಿತೆಂದರೆ ದಿಬ್ಬಕ್ಕೂ ತಗ್ಗಿಗೂ ನಡುವೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಈಗ ಆಚೆ ಬದಿಯ ನೀರನ್ನು ಟ್ಯಾಂಕಿಗೆ ಏರಿಸಬೇಕಾದದ್ದು ಆ ಗಾಳಿ. ಅದಕ್ಕಿರುವ ಬಲವೋ, ಒರತೆಗೂ ದಿಬ್ಬದ ನೆತ್ತಿಗೂ ನಡುವಿನ ಎತ್ತರದಷ್ಟು ಮಾತ್ರ. ಒರತೆಯಿಂದ ಟ್ಯಾಂಕಿಗೆ 46 ಮೀಟರ್ ಇಳಿತವಿದ್ದರೂ ಅಷ್ಟೂ ಗಾಳಿಯ ಹೊಟ್ಟೆಗೆ ಹೋಗಿರುತ್ತದೆ.

ಆದರೆ ನಮ್ಮ ನಕ್ಷೆಯಲ್ಲಿ ಅಂಥ ದಿಬ್ಬವೇ ಇರಲಿಲ್ಲ. ಇದ್ದಿದ್ದರೆ ಅಲ್ಲಿ ಗಾಳಿಯನ್ನು ಹೊರಬಿಡುವ ಏರ್ ವಾಲ್ವ್ ಇಡುತ್ತಿದ್ದೆ. ನಕ್ಷೆಯನ್ನು ನೆಲದ ಮೇಲೆ ಹರಡಿ ಬೆರಳಿಟ್ಟು ನೋಡುತ್ತಾ ಕೂತೆ. ಬೆಸುಗೆ ಕಲಿತಿದ್ದ ಯುವಕ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

‘ಅಕ್ಕ, ಇಲ್ಲಿ ಬಂಡೆ ಸಿಕ್ಕಿತ್ತಲ್ಲ.’

‘ಯಾವ ಬಂಡೆ?’

‘ನೀವು ಸಿಮೆಂಟಿಗೆ ಅಂತ ಕೆಳಗೆ ಹೋಗಿದ್ರಲ್ಲ, ಅವತ್ತು. ಒಡೆಯೋಕೆ ಆಗಲಿಲ್ಲ. ಸುತ್ತು ಹಾಕಿ ಮೇಲಿಂದ ತಂದ್ವಿ.’

ಮೂವತ್ತು ಮೀಟರಿನ ಸುತ್ತು, ನಾಲ್ಕು ಮೀಟರಿನ ಏರು. ಅವತ್ತು ಅಲ್ಲಿದ್ದ ನಮ್ಮವರೊಬ್ಬರಿಗೂ ಅದು ಗೊತ್ತಿತ್ತು. ನಕ್ಷೆಯಲ್ಲಿ ಬರೆಯುವುದಿರಲಿ, ನನಗೆ ಹೇಳುವುದೂ ಅವರಿಗೆ ಮರೆತಿತ್ತು. ನಾನೂ ಮುಚ್ಚಿದ ಸಾಲನ್ನು ಮತ್ತೆ ಅಳೆದಿರಲಿಲ್ಲ. ತಪ್ಪು ಹಂಚಿಕೊಳ್ಳುವಷ್ಟು ಜನ ಇದ್ದೆವು.

ಬಂಡೆಯ ನೆತ್ತಿಯಲ್ಲಿ ಮಣ್ಣು ಸರಿಸಿದೆವು. ಯುವಕ ಮಲಗಿ ಪೈಪಿಗೆ ಕಿವಿ ಹಚ್ಚಿದ, ಬೆರಳಿನ ಗೆಣ್ಣಿನಿಂದ ತಟ್ಟಿದ. ಒರತೆಯ ಕಡೆ ದಪ್ಪ ಸದ್ದು, ಕೊರಕಲಿನ ಕಡೆ ಟೊಳ್ಳು ಸದ್ದು. ಹತ್ತಿರದ ಕಪ್ಲಿಂಗಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದಾಗ ಬುಸ್ಸೆಂದು ಗಾಳಿ ಹೊರಟಿತು. ಮಣ್ಣಿನ ಧೂಳು ಮುಖಕ್ಕೆ ಹಾರಿತು. ನಿಲ್ಲುವ ಲಕ್ಷಣವೇ ಇಲ್ಲ. ಸರದಿಯಲ್ಲಿ ಸ್ಪ್ಯಾನರ್ ಹಿಡಿದು ಮುಕ್ಕಾಲು ಗಂಟೆ ಕೂತೆವು. ಆಮೇಲೆ ಉಗುಳಿದ ಹಾಗೆ ಒಂದೆರಡು ಹನಿ, ಮತ್ತೆ ಗಾಳಿ, ಕೊನೆಗೆ ಹಾಲಿನಂತೆ ಬೆಳ್ಳಗಿನ ನೀರು. ನಟ್ಟು ಬಿಗಿದು, ದಾರಿಯೆಲ್ಲ ಓಡಿ ಟ್ಯಾಂಕಿನ ಹತ್ತಿರ ಬಂದರೆ ನಮಗಿಂತ ಮೊದಲೇ ಮಕ್ಕಳಿಗೆ ಗೊತ್ತಾಗಿತ್ತು. ಟ್ಯಾಂಕಿನೊಳಗಿಂದ ಅವರ ಕಿರುಚಾಟ ಪ್ರತಿಧ್ವನಿಸುತ್ತಿತ್ತು. ಒಳಗಿಳಿದು ಒದ್ದೆಯಾಗಿ ಕುಣಿಯುತ್ತಿದ್ದರು. ತೊಳೆದ ಟ್ಯಾಂಕನ್ನು ಮತ್ತೆ ತೊಳೆಯಬೇಕಾಯಿತು.

ಆ ನೆತ್ತಿಗೆ ಒಂದು ಏರ್ ವಾಲ್ವ್ ಕೂರಿಸಿದೆವು. ಇನ್ನೊಂದು ವಿಷಯವನ್ನೂ ಯುವಕನಿಗೆ ಒತ್ತಿ ಹೇಳಿದೆ: ಟ್ಯಾಂಕಿನ ಬಾಯಿಯ ಗೇಟ್ ವಾಲ್ವನ್ನು ಪೂರ್ತಿ ತೆರೆಯಬಾರದು. ತೆರೆದರೆ ಪೈಪು ಒರತೆ ಕೊಡುವುದಕ್ಕಿಂತ ಹೆಚ್ಚು ಎಳೆಯುತ್ತದೆ, ಮೇಲಿನ ತೊಟ್ಟಿ ಬರಿದಾಗಿ ಮತ್ತೆ ಗಾಳಿ ಹೊಗುತ್ತದೆ. ಅವನು ಚಕ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಸರಿಯಾದ ಜಾಗಕ್ಕೆ ಕೆಂಪು ಪೇಂಟಿನ ಚುಕ್ಕೆ ಇಟ್ಟ.

ನೀರು ಬಂದರೆ ಮುಗಿಯಿತು ಎಂದುಕೊಂಡಿದ್ದೆ. ಹೊರಡುವ ಮುನ್ನ ಎಚ್‌ಟೂಎಸ್ ಬಾಟಲಿಗಳಲ್ಲಿ ನೀರು ಹಿಡಿದು ಪರೀಕ್ಷಿಸಿದೆವು. ಭಾರತದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಸರಳ ವಿಧಾನ: ಮಲದ ಸಂಪರ್ಕವಿರುವ ನೀರಾದರೆ ಬಾಟಲಿಯೊಳಗಿನ ಕಾಗದ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಒರತೆಯ ತೊಟ್ಟಿಯದ್ದು ಕಪ್ಪಾಗಲಿಲ್ಲ. ನಲ್ಲಿಯದ್ದೂ ಆಗಲಿಲ್ಲ. ಮನೆಯೊಳಗಿನ ಕೊಡಗಳಿಂದ ತೆಗೆದ ಎಂಟು ಬಾಟಲಿಯಲ್ಲಿ ಐದು ಮಸಿಯಂತೆ ಕಪ್ಪು. ಪೈಪಿನಲ್ಲಿ ಶುದ್ಧವಾಗಿ ಬಂದದ್ದು ಕೊಡದಲ್ಲಿ, ಲೋಟ ಅದ್ದುವ ಕೈಯಲ್ಲಿ ಕೆಡುತ್ತಿತ್ತು.

ಹಾಗಾಗಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್. ಪುಡಿಯ ಸತ್ವ ಡಬ್ಬಿಯಲ್ಲಿ ಇಟ್ಟಷ್ಟೂ ಇಳಿಯುತ್ತದೆ. ಕಾಲು ಭಾಗ ಕ್ಲೋರಿನ್ ಉಳಿದಿದೆ ಎಂದು ಹಿಡಿದರೆ ತುಂಬಿದ ಟ್ಯಾಂಕಿಗೆ ಸುಮಾರು 40 ಗ್ರಾಂ. ಅರ್ಧ ಗಂಟೆ ಬಿಟ್ಟು ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಕೊಡದೊಳಗೂ ಅದು ಸ್ವಲ್ಪ ಹೊತ್ತು ಕಾವಲಿರುತ್ತದೆ. ಕ್ಲೋರಿನ್ ಪರೀಕ್ಷಿಸುವ ಗುಳಿಗೆ ಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಎಷ್ಟು ಗಾಢ ಎಂದು ಪಟ್ಟಿಯ ಜೊತೆ ಹೋಲಿಸಿದರಾಯಿತು. ಲೆಕ್ಕ ಸುಲಭ. ಆದರೆ ಮೊದಲ ದಿನವೇ ಅಜ್ಜಿ ಒಂದು ಗುಟುಕು ಕುಡಿದು ಉಗುಳಿದರು. ‘ಆಸ್ಪತ್ರೆ ವಾಸನೆ. ನನ್ನ ಒರತೆ ನೀರನ್ನ ಏನ್ ಮಾಡಿಟ್ರಿ?’ ಅವರಿಗೆ ಕಪ್ಪು ಬಾಟಲಿ ತೋರಿಸಿದೆ. ಯಾರ ಮನೆಯದ್ದು ಅಂತ ಕೇಳಿದರು. ಅವರದ್ದೇ. ಸ್ವಲ್ಪ ಹೊತ್ತು ಬಾಟಲಿ ತಿರುಗಿಸಿ ನೋಡಿದರು. ಮಾತಿಲ್ಲದೆ ಒಳಗೆ ಹೋಗಿ ಕೊಡದ ಮೇಲೆ ಒಂದು ತಟ್ಟೆ ಮುಚ್ಚಿದರು. ಕ್ಲೋರಿನ್ ನೀರು ಮಾತ್ರ ಇವತ್ತಿಗೂ ಅವರಿಗೆ ಸೇರುವುದಿಲ್ಲ.

ಹದಿನಾಲ್ಕು ತಿಂಗಳ ಮೇಲೆ ಮತ್ತೆ ಹೋದೆ. ಒಂದು ನಲ್ಲಿಯ ಹಿಡಿ ಮುರಿದಿತ್ತು. ಇನ್ನೊಂದರ ವಾಷರ್ ಸವೆದಿದ್ದಕ್ಕೆ ಹಳೆ ಟ್ಯೂಬಿನ ರಬ್ಬರ್ ಕತ್ತರಿಸಿ ಹಾಕಿದ್ದರು, ಹನಿ ಸೋರುತ್ತಿರಲಿಲ್ಲ. ತಿಂಗಳ ವಂತಿಗೆಯನ್ನು ಆರು ಮನೆಯವರು ನಿಲ್ಲಿಸಿದ್ದರು. ಅದರ ಜಗಳ ನಾನಿದ್ದಾಗಲೂ ನಡೆಯುತ್ತಿತ್ತು, ನನ್ನನ್ನು ಪಂಚಾಯ್ತಿಗೆ ಕೂರಿಸಲು ನೋಡಿದರು, ತಪ್ಪಿಸಿಕೊಂಡೆ. ಟ್ಯಾಂಕಿನ ಪಕ್ಕದ ವಾಲ್ವ್ ಕೋಣೆಗೆ ಯುವಕ ಬೀಗ ಹಾಕಿಟ್ಟಿದ್ದ. ತೆಗೆದು ತೋರಿಸಿದ.

ಗೋಡೆಯ ಮೇಲೆ ನಾವು ಅಂಟಿಸಿ ಬಂದಿದ್ದ ನಕ್ಷೆ. ಅದರ ತುಂಬಾ ಪೆನ್ಸಿಲ್ ಗೆರೆ. ಬಂಡೆಯ ಸುತ್ತು ಇತ್ತು, ಏರ್ ವಾಲ್ವ್ ಇತ್ತು, ಎರಡು ಕಡೆ ಹಾಕಿದ ಹೊಸ ಕಪ್ಲಿಂಗ್ ಇತ್ತು. ಮದುವೆಯಾಗಿ ಬೇರೆಯಾದವರ ಎರಡು ಹೊಸ ಮನೆ ಇತ್ತು. ನಾನು ಕೊರಕಲಿನ ಆಚೆ ಎಂದು ಬರೆದಿದ್ದ, ಪೈಪಿನ ತಳದ ಕೆಸರು ಹೊರಬಿಡುವ ವಾಶ್‌ಔಟ್ ವಾಲ್ವಿಗೆ ಕಾಟು ಹೊಡೆದು ಈಚೆ ಬರೆದಿದ್ದ.

‘ಇದು ಈಚೆಗಾ?’ ಎಂದೆ.

‘ಮೊದಲಿಂದಲೂ ಈಚೆಗೇ ಇದೆ ಅಕ್ಕ. ನೀವೇ ತಪ್ಪು ಬರೆದಿದ್ರಿ.’

ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡೆ. ನನ್ನ ಕಂಪ್ಯೂಟರಿನಲ್ಲಿರುವ ನಕ್ಷೆಯನ್ನು ತಿದ್ದುವುದು ಇನ್ನೂ ಬಾಕಿ ಇದೆ.